ಹೊರಡದ ಮೋಟಾರೂ ಕಿಡಿಯ ಚರಿತ್ರೆಯೂ

ಮೋಟಾರು ಬಂಡಿ ಓಡುತ್ತಿರುವಾಗ ಅದರ ಚರಿತ್ರೆಯನ್ನು ಯಾರೂ ಕೇಳುವುದಿಲ್ಲ. ಅದು ಹೊರಡಲಾರೆನೆಂದು ಹಟ ಹಿಡಿದು ನಿಂತಾಗ ಮಾತ್ರ, ಮುಚ್ಚಳವನ್ನೆತ್ತಿ ಒಳಗೆ ಏನೇನಿದೆಯೆಂದು ನೋಡುವ ಬುದ್ಧಿ ನಮಗೆ ಬರುತ್ತದೆ. ಕನ್ನಡ ಪಾಠ ಹೇಳುವ ಮೇಷ್ಟರಿಗೆ ಮೋಟಾರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಒಂದು ರಾತ್ರಿ ನಾನು ಕಂಡದ್ದೇ ಇದಕ್ಕೆ ಕಾರಣ.

ಅದು ೧೯೮೨ನೆಯ ಇಸವಿ. ಮಲೆನಾಡಿನ ನಮ್ಮೂರಿನಲ್ಲಿ ಆಷಾಢದ ಮಳೆ ಮೂರು ದಿನಗಳಿಂದ ಬಿಡದೆ ಸುರಿಯುತ್ತಿದ್ದಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನಮ್ಮಕ್ಕನಿಗೆ ನಡುರಾತ್ರಿಯಲ್ಲಿ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಬಂದು ನೋಡಿ, ಇದು ತನ್ನ ಕೈಮೀರಿದ್ದು, ಆಸ್ಪತ್ರೆಗೇ ಹೋಗಬೇಕು ಎಂದಳು. ಆಸ್ಪತ್ರೆ ಹದಿನಾಲ್ಕು ಮೈಲಿ. ಊರಿಗೆಲ್ಲ ಇದ್ದುದು ಅಡಿಕೆ ಸಾಹುಕಾರರ ಒಂದೇ ಕಾರು. ಆಗಲೇ ಇಪ್ಪತ್ತು ವರ್ಷ ಹಳೆಯದು. ಅವರ ಡ್ರೈವರು ನಮ್ಮ ಅಂಗಳದವರೆಗೆ ಅದನ್ನು ತಂದು ನಿಲ್ಲಿಸಿದ. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸುವ ಹೊತ್ತಿಗೆ ಎಂಜಿನ್ನು ನಿಂತುಹೋಗಿದ್ದಿತು. ಸೆಲ್ಫ್ ಒತ್ತಿದರೆ ಎಂಜಿನ್ನು ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಪೆಟ್ರೋಲು ಮುಗಿದಿರಬೇಕೆಂದು ಒಬ್ಬರು, ಬ್ಯಾಟರಿ ಹೋಯಿತೆಂದು ಇನ್ನೊಬ್ಬರು, ತಳ್ಳಿ ನೋಡೋಣವೆಂದು ಮತ್ತೊಬ್ಬರು. ಅಂಗಳದಾಚೆಗೆ ಕೆಸರಿನ ಏರು, ತಳ್ಳುವುದೆಲ್ಲಿಗೆ? ಡ್ರೈವರು ಕೆಳಗಿಳಿದು ಬಾನೆಟ್ಟು ಎತ್ತಿ ಹೇಳಿದ: "ಗಲಾಟೆ ಮಾಡ್ಬೇಡಿ ಮಾರಾಯ್ರೆ. ಕಿಡಿ ಎಲ್ಲಿತಂಕ ಬರ್ತದೆ ನೋಡಾಣ."

ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ದೊಡ್ಡವನಾದ ಮೇಲೆ ಪುಸ್ತಕಗಳನ್ನು ತಿರುವಿ ಹಾಕಿದಾಗ, ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯೊಂದು ಅದರಲ್ಲಿ ಅಡಗಿರುವುದು ತಿಳಿಯಿತು.

ಅರಣಿಯನ್ನು ಕಡೆದು ಬೆಂಕಿಯನ್ನು ಹುಟ್ಟಿಸುವ ಕ್ರಮ ನಮ್ಮಲ್ಲಿ ಪುರಾತನವಾದದ್ದು. ಚಕಮಕಿ ಕಲ್ಲಿನಿಂದ ಬೀಡಿ ಹೊತ್ತಿಸುತ್ತಿದ್ದ ಮುದುಕರನ್ನು ಕಂಡವರು ಈಗಲೂ ಇದ್ದಾರೆ. ಆ ಬೆಂಕಿಯನ್ನು ಒಮ್ಮೆ ಹುಟ್ಟಿಸಿದರಾಯಿತು, ಸೌದೆ ಇರುವ ತನಕ ಉರಿಯುತ್ತದೆ. ಪೆಟ್ರೋಲು ಎಂಜಿನ್ನಿನ ಬೆಂಕಿ ಹಾಗಲ್ಲ. ಅದು ಕ್ಷಣಕ್ಷಣಕ್ಕೂ ಹುಟ್ಟಿ ಸಾಯುವ ಬೆಂಕಿ. ಸಿಲಿಂಡರಿನೊಳಗೆ ಪಿಸ್ಟನ್ನು ಮೊದಲು ಪೆಟ್ರೋಲಿನ ಆವಿ ಬೆರೆತ ಗಾಳಿಯನ್ನು ಹೀರುತ್ತದೆ. ಅನಂತರ ಅದನ್ನು ಒತ್ತುತ್ತದೆ. ಒತ್ತಿದ್ದು ಉರಿದು ಪಿಸ್ಟನ್ನನ್ನು ದೂಡುತ್ತದೆ. ಕಡೆಗೆ ಹೊಗೆ ಹೊರಬೀಳುತ್ತದೆ. ಈ ನಾಲ್ಕು ಕ್ರಿಯೆಗಳಿಗೆ ಒಂದು ಕಿಡಿ ಬೇಕು. ನಾಲ್ಕು ಸಿಲಿಂಡರುಗಳ ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವಾಗ ನಿಮಿಷಕ್ಕೆ ೬,೦೦೦ ಕಿಡಿಗಳು, ಎಂದರೆ ಸೆಕೆಂಡಿಗೆ ನೂರು ಕಿಡಿಗಳು, ಒಂದೂ ಹೊತ್ತು ತಪ್ಪದೆ ಬರಬೇಕು. ಇಷ್ಟನ್ನು ಸಾಧಿಸಲು ಮನುಷ್ಯನಿಗೆ ಅರ್ಧ ಶತಮಾನ ಹಿಡಿಯಿತು.

ಪ್ಯಾರಿಸ್ಸಿನಲ್ಲಿ ಎತಿಯೆನ್ ಲೆನ್ವಾರ್ ಎಂಬಾತ ೧೮೬೦ರಲ್ಲಿ ಕಟ್ಟಿದ ಗ್ಯಾಸ್ ಎಂಜಿನ್ನಿಗೆ ವಿದ್ಯುತ್ತಿನ ಕಿಡಿಯನ್ನೇ ಬಳಸಿದ. ಬ್ಯಾಟರಿಯ ಅಲ್ಪ ಒತ್ತಡದ ಕರೆಂಟನ್ನು ತಂತಿಯ ಸುರುಳಿಯ ಮೂಲಕ ಹಾಯಿಸಿ, ಸಾವಿರಾರು ವೋಲ್ಟಿನ ಒತ್ತಡಕ್ಕೆ ಏರಿಸುವ ಸಾಧನ ಆ ವೇಳೆಗೆ ಪ್ರಯೋಗಶಾಲೆಗಳಲ್ಲಿದ್ದಿತು. ಆದರೆ ಆ ಕಾಲದ ಬ್ಯಾಟರಿಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಆದಕಾರಣ ಜರ್ಮನಿಯ ಡೈಮ್ಲರ್ ಮತ್ತು ಮೇಬಾಕ್ ಇಬ್ಬರೂ ೧೮೮೫ರ ತಮ್ಮ ಎಂಜಿನ್ನಿನಲ್ಲಿ ಬೇರೊಂದು ದಾರಿ ಹಿಡಿದರು. ಸಿಲಿಂಡರಿಗೆ ಒಂದು ಸಣ್ಣ ಕೊಳವೆಯನ್ನು ಜೋಡಿಸಿ, ಅದನ್ನು ಹೊರಗಿನಿಂದ ದೀಪದ ಉರಿಯಲ್ಲಿ ಕೆಂಪಗೆ ಕಾಯಿಸಿಡುವುದು. ಒತ್ತಲ್ಪಟ್ಟ ಆವಿ ಆ ಕೊಳವೆಯನ್ನು ಹೊಕ್ಕು ಹೊತ್ತಿಕೊಳ್ಳುವುದು. ಇದರಲ್ಲಿ ಬ್ಯಾಟರಿಯ ಕಾಟವಿಲ್ಲ. ಆದರೆ ಗಾಳಿಗೆ ದೀಪ ಆರೀತು, ಪೆಟ್ರೋಲಿನ ಪಕ್ಕದಲ್ಲೇ ಬೆಂಕಿ ಇಟ್ಟುಕೊಂಡು ಪ್ರಯಾಣ ಮಾಡಬೇಕು, ಮೇಲಾಗಿ ಉರಿ ಹೊತ್ತುವ ಗಳಿಗೆಯನ್ನು ಹಿಂದುಮುಂದು ಮಾಡುವಂತಿಲ್ಲ.

ಅದೇ ಕಾಲದಲ್ಲಿ ಮಾನ್‌ಹೈಮ್ ನಗರದ ಕಾರ್ಲ್ ಬೆನ್ಜ್ ಕಿಡಿಯನ್ನೇ ನೆಚ್ಚಿದ. ೧೮೮೬ರ ಜನವರಿ ೨೯ರಂದು ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ಅವನ ಮೂರು ಗಾಲಿಯ ಬಂಡಿಯಲ್ಲಿ ಬ್ಯಾಟರಿ, ಸುರುಳಿ, ಪ್ಲಗ್ಗು ಮೂರೂ ಇದ್ದವು. ಬಂಡಿಯನ್ನು ಹೊರಡಿಸಲು ಹಿಂಬದಿಯ ದೊಡ್ಡ ಚಕ್ರವನ್ನು ಕೈಯಿಂದ ತಿರುವಬೇಕಾಗಿದ್ದಿತು. ಆ ಬಂಡಿಯ ಮೇಲೆ ಜನರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ೧೮೮೮ರ ಆಗಸ್ಟ್ ತಿಂಗಳಲ್ಲಿ ಬೆನ್ಜನ ಹೆಂಡತಿ ಬರ್ತಾ, ಗಂಡನಿಗೆ ತಿಳಿಸದೆ, ಇಬ್ಬರು ಹುಡುಗರನ್ನು ಜೊತೆಗಿಟ್ಟುಕೊಂಡು, ನೂರು ಕಿಲೋಮೀಟರಿಗೂ ಮಿಕ್ಕ ದೂರದ ಫೋರ್ಟ್ಸ್‌ಹೈಮಿನಲ್ಲಿದ್ದ ತವರಿಗೆ ಅದರಲ್ಲೇ ಹೊರಟಳು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲೋಕ್ ಎಂಬ ಊರಿನ ಔಷಧದಂಗಡಿಯಲ್ಲಿ ಕಲೆ ತೆಗೆಯುವ ಎಣ್ಣೆಯನ್ನು ಕೊಂಡು ತುಂಬಿಸಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆದು ಕರೆಂಟು ಸೋರತೊಡಗಿದಾಗ ಕಾಲುಚೀಲದ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದಳೆಂದು ಹೇಳುತ್ತಾರೆ. ಪ್ರಪಂಚದ ಮೊತ್ತಮೊದಲ ದೂರದ ಮೋಟಾರು ಪ್ರಯಾಣದಲ್ಲಿಯೇ ಇಂಧನದ ದೋಷ, ಕಿಡಿಯ ದೋಷ ಎರಡೂ ಬಂದು, ಎರಡಕ್ಕೂ ಮನೆವೈದ್ಯವೇ ಆಯಿತು.

ರೇಡಿಯೋ ಕೇಳುವ ವಾಚಕರಿಗೆ ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಬೆನ್ಜ್ ಹುಟ್ಟಿ ಓದಿದ ಊರು ಕಾರ್ಲ್ಸ್ರೂಹ. ಬರ್ತಾ ಪ್ರಯಾಣ ಮಾಡಿದ ಕಾಲದಲ್ಲಿಯೇ, ಆ ಊರಿನ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಹೈನ್ರಿಕ್ ಹರ್ಟ್ಸ್, ಅದೇ ಬಗೆಯ ಸುರುಳಿಯಿಂದ ಕಿಡಿ ಹಾರಿಸಿ, ಅದರಿಂದ ಹೊಮ್ಮಿದ ವಿದ್ಯುದಲೆಗಳನ್ನು ಕೋಣೆಯ ಇನ್ನೊಂದು ಕಡೆಯಲ್ಲಿ ಹಿಡಿದು ತೋರಿಸುತ್ತಿದ್ದ. ಆ ಅಲೆಗಳೇ ಮುಂದೆ ರೇಡಿಯೋ ಆದವು. ಮೋಟಾರಿನ ಕಿಡಿಯೂ ಆಕಾಶವಾಣಿಯೂ ಹೀಗೆ ದಾಯಾದಿಗಳು. ಬೀದಿಯಲ್ಲಿ ಹಳೆಯ ಮೋಟಾರು ಹಾದುಹೋದರೆ ಮನೆಯ ರೇಡಿಯೋ ಪಟಪಟನೆ ಬಡಿದುಕೊಳ್ಳುತ್ತಿದ್ದುದು ಈ ನಂಟಿನಿಂದಲೇ. ಪ್ಲಗ್ಗಿನ ತಂತಿಗಳಲ್ಲಿ ಕರೆಂಟಿಗೆ ತಡೆಯೊಡ್ಡುವ ಪದಾರ್ಥವನ್ನು ಇಟ್ಟ ಮೇಲೆ ಆ ಉಪದ್ರವ ಬಹುಮಟ್ಟಿಗೆ ಅಡಗಿತು.

ಬ್ಯಾಟರಿ ಬೇಗ ಬರಿದಾಗುವುದೇ ಬೆನ್ಜನ ಪದ್ಧತಿಯ ದೌರ್ಬಲ್ಯ. ಬ್ಯಾಟರಿಯೇ ಇಲ್ಲದೆ ಕಿಡಿ ಹುಟ್ಟಿಸಲು ಸಾಧ್ಯವೆ? ಆಯಸ್ಕಾಂತದ ಬಳಿ ತಂತಿಯ ಸುರುಳಿಯನ್ನು ಚಲಿಸಿದರೆ ತಂತಿಯಲ್ಲಿ ಕರೆಂಟು ಹುಟ್ಟುವುದೆಂದು ಫ್ಯಾರಡೆ ೧೮೩೧ರಲ್ಲಿಯೇ ತೋರಿಸಿಕೊಟ್ಟಿದ್ದ. ಸ್ಟುಟ್‌ಗಾರ್ಟ್ ನಗರದಲ್ಲಿ ೧೮೮೬ರಲ್ಲಿ ಸಣ್ಣ ಕಾರ್ಯಾಗಾರವನ್ನು ತೆರೆದಿದ್ದ ರಾಬರ್ಟ್ ಬಾಷ್, ಈ ತತ್ತ್ವದಿಂದ ನಡೆಯುವ ಮ್ಯಾಗ್ನೆಟೋ ಎಂಬ ಸಾಧನವನ್ನು ಮರುವರ್ಷ, ನೆಟ್ಟು ನಿಲ್ಲಿಸಿದ ಎಂಜಿನ್ನಿಗಾಗಿ ಮಾಡಿದ. ೧೮೯೭ರಲ್ಲಿ ಅದನ್ನು ಮೋಟಾರು ಬಂಡಿಗೆ ಅಳವಡಿಸಿದ. ಅವನ ಸಹಾಯಕನಾದ ಗಾಟ್ಲೋಬ್ ಹೊನೋಲ್ಡ್ ೧೯೦೨ರಲ್ಲಿ ಹೆಚ್ಚು ಒತ್ತಡದ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಸಿದ್ಧಪಡಿಸಿದ. ಎಂಜಿನ್ನು ತಿರುಗುವ ತನಕ ಕಿಡಿಗೆ ಕೊರತೆಯಿಲ್ಲ, ಬ್ಯಾಟರಿಯ ಹಂಗಿಲ್ಲ. ಆದರೆ ಒಂದು ರೋಗಕ್ಕೆ ಮದ್ದು ಕೊಟ್ಟಾಗ ಇನ್ನೊಂದು ಹುಟ್ಟಿತು. ಮ್ಯಾಗ್ನೆಟೋ ವೇಗವಾಗಿ ತಿರುಗಿದರೆ ಕಿಡಿ ಬಲವಾಗಿರುತ್ತದೆ, ನಿಧಾನವಾಗಿ ತಿರುಗಿದರೆ ಸಪ್ಪೆಯಾಗುತ್ತದೆ. ಹೊರಡಿಸುವ ಗಳಿಗೆಯಲ್ಲಿ ತಿರುವುವುದು ಮನುಷ್ಯನ ತೋಳು. ಆ ತೋಳು ರಭಸದಿಂದ ತಿರುವದಿದ್ದರೆ ಬಂಡಿ ಹೊರಡುವುದಿಲ್ಲ.

ಹೀಗೆ ಹ್ಯಾಂಡಲಿನ ಯುಗ ಬಂದಿತು. ಕಿಡಿ ಹಾರಬೇಕಾದದ್ದು ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟುವುದರೊಳಗೆ. ವೇಗ ಹೆಚ್ಚಿದಂತೆ ಅದನ್ನು ಇನ್ನಷ್ಟು ಮುಂಚೆ ಹಾರಿಸಬೇಕು, ಹೊರಡಿಸುವಾಗ ತಡಮಾಡಿ ಹಾರಿಸಬೇಕು. ಅದಕ್ಕೆಂದು ಸ್ಟಿಯರಿಂಗಿನ ಬಳಿ ಒಂದು ಕಡ್ಡಿ ಇರುತ್ತಿದ್ದಿತು. ಅದನ್ನು ಹಿಂದಕ್ಕೆ ಸರಿಸಲು ಮರೆತು ಹ್ಯಾಂಡಲು ಹೊಡೆದರೆ, ಪಿಸ್ಟನ್ನು ಏರುವ ಮೊದಲೇ ಉರಿ ಹೊತ್ತಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹ್ಯಾಂಡಲು ತಿರುಗಿ ಬಡಿಯುತ್ತದೆ. ಮಣಿಕಟ್ಟು ಮುರಿದವರು, ಮುಂಗೈ ಮುರಿದವರು, ದವಡೆಗೆ ಪೆಟ್ಟು ತಿಂದವರು ಅನೇಕರು. ಅಮೆರಿಕದ ಡೆಟ್ರಾಯಿಟಿನಲ್ಲಿ ಕಾರುಗಳನ್ನು ತಯಾರಿಸುತ್ತಿದ್ದ ಬೈರನ್ ಕಾರ್ಟರ್ ಎಂಬಾತ, ದಾರಿಯಲ್ಲಿ ನಿಂತುಹೋಗಿದ್ದ ಹೆಂಗಸೊಬ್ಬಳ ಕಾರಿಗೆ ಹ್ಯಾಂಡಲು ಹೊಡೆಯಹೋಗಿ ಪೆಟ್ಟು ತಿಂದು, ಅದರಿಂದಲೇ ೧೯೦೮ರಲ್ಲಿ ತೀರಿಕೊಂಡನೆಂದೂ, ಅವನ ಗೆಳೆಯನಾದ ಕ್ಯಾಡಿಲಾಕ್ ಸಂಸ್ಥೆಯ ಹೆನ್ರಿ ಲೀಲೆಂಡ್ ಇನ್ನು ತನ್ನ ಕಾರುಗಳಲ್ಲಿ ಹ್ಯಾಂಡಲು ಇರಕೂಡದೆಂದು ಪಣ ತೊಟ್ಟನೆಂದೂ ಕಥೆಯುಂಟು. ಕಥೆಯ ವಿವರಗಳಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ಲೀಲೆಂಡನು ಆ ಕೆಲಸವನ್ನು ಯಾರಿಗೆ ಒಪ್ಪಿಸಿದನೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಆತನೇ ಚಾರ್ಲ್ಸ್ ಕೆಟರಿಂಗ್. ಒಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ, ಅಂಗಡಿಗಳಲ್ಲಿ ಹಣ ಎಣಿಸಿಡುವ ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಆ ಯಂತ್ರಕ್ಕೆ ಪುಟ್ಟ ವಿದ್ಯುತ್ ಮೋಟಾರನ್ನು ಜೋಡಿಸಿದವನು. ಗೆಳೆಯನಾದ ಎಡ್ವರ್ಡ್ ಡೀಡ್ಸನೊಂದಿಗೆ ೧೯೦೯ರಲ್ಲಿ ಡೆಲ್ಕೋ ಎಂಬ ಸಂಸ್ಥೆಯನ್ನು ಕಟ್ಟಿ, ಬ್ಯಾಟರಿಯಿಂದ ನಡೆಯುವ ಸುಧಾರಿತ ಕಿಡಿಯ ಪದ್ಧತಿಯನ್ನು ಕ್ಯಾಡಿಲಾಕಿಗೆ ಒದಗಿಸಿದ. ಸೆಲ್ಫ್ ವಿಷಯದಲ್ಲಿ ಅವನಿಗೆ ನೆರವಾದದ್ದು ಹಳೆಯ ಅಂಗಡಿ ಯಂತ್ರದ ಅನುಭವ. ಎಂಜಿನ್ನನ್ನು ತಿರುವಬಲ್ಲ ವಿದ್ಯುತ್ ಮೋಟಾರು ತೀರ ದೊಡ್ಡದಾಗಬೇಕೆಂದು ಎಲ್ಲರೂ ಎಣಿಸಿದ್ದರು. ಇಡೀ ದಿನ ದುಡಿಯುವ ಮೋಟಾರಾದರೆ ಅದು ನಿಜ. ಕೆಲವೇ ಸೆಕೆಂಡು ದುಡಿದು ವಿಶ್ರಮಿಸುವುದಾದರೆ ಸಣ್ಣ ಮೋಟಾರೂ ದೊಡ್ಡ ಹೊರೆಯನ್ನು ಹೊತ್ತೀತು. ೧೯೧೨ರ ಕ್ಯಾಡಿಲಾಕ್ ಮಾದರಿಯಲ್ಲಿ ಸೆಲ್ಫ್, ಬ್ಯಾಟರಿ, ಅದನ್ನು ಮತ್ತೆ ತುಂಬುವ ಡೈನಮೋ, ದೀಪಗಳು, ಕಿಡಿ ಎಲ್ಲವೂ ಒಂದೇ ಸಂಸಾರವಾಗಿ ಸೇರಿಕೊಂಡವು. ಬಲವಾದ ತೋಳಿಲ್ಲದವರೂ, ವೃದ್ಧರೂ, ಸ್ತ್ರೀಯರೂ ಒಬ್ಬರೇ ಕಾರಿನಲ್ಲಿ ಹೊರಡುವುದು ಇದರಿಂದ ಸುಲಭವಾಯಿತು. ಬಡವರ ಬಂಡಿಗೆ ಈ ಸೌಕರ್ಯ ತಡವಾಗಿ ಬಂದಿತು. ೧೯೦೮ರಿಂದ ತಯಾರಾಗುತ್ತಿದ್ದ ಫೋರ್ಡ್ ಕಂಪನಿಯ ಟಿ ಮಾದರಿಗೆ ಸೆಲ್ಫ್ ದೊರೆತದ್ದು ೧೯೧೯ರಲ್ಲಿ.

ಕೆಟರಿಂಗನ ಕಿಡಿಯ ಪದ್ಧತಿಯೇ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲೋಕದ ಪೆಟ್ರೋಲು ಕಾರುಗಳಲ್ಲೆಲ್ಲ ನಿಂತಿತು. ಬ್ಯಾಟರಿಯ ಕರೆಂಟು ಕಾಯಿಲ್ ಎಂಬ ಸುರುಳಿಯ ಡಬ್ಬಿಯ ಮೂಲಕ ಪಾಯಿಂಟುಗಳಿಗೆ ಬರುತ್ತದೆ. ಪಾಯಿಂಟುಗಳು ಒಂದನ್ನೊಂದು ಮುಟ್ಟಿ ಬಿಡುವ ಎರಡು ಲೋಹದ ಬೊಟ್ಟುಗಳು. ಅವು ಬಿಟ್ಟ ಕ್ಷಣದಲ್ಲಿ ಕಾಯಿಲಿನೊಳಗಿನ ಕಾಂತಶಕ್ತಿ ಕುಸಿದು, ೧೨ ವೋಲ್ಟು ಇದ್ದದ್ದು ಹದಿನೈದಿಪ್ಪತ್ತು ಸಾವಿರ ವೋಲ್ಟಿಗೆ ಏರುತ್ತದೆ. ಅದು ಡಿಸ್ಟ್ರಿಬ್ಯೂಟರಿನ ಮುಚ್ಚಳದ ನಡುವೆ ಇಳಿದು, ಒಳಗೆ ಸುತ್ತುವ ರೋಟರು ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಕಂಡೆನ್ಸರು ಎಂಬ ಪುಟ್ಟ ಡಬ್ಬಿ ಕಾಪಾಡುತ್ತದೆ. ಪಾಯಿಂಟು ಸವೆಯುವುದು, ಕಂಡೆನ್ಸರು ಸಾಯುವುದು, ಮುಚ್ಚಳಕ್ಕೆ ತೇವ ಹಿಡಿಯುವುದು, ಬ್ಯಾಟರಿ ಬರಿದಾಗುವುದು ಇವು ಈ ಪದ್ಧತಿಯ ಜೊತೆಗೇ ಹುಟ್ಟಿದ ಕಾಯಿಲೆಗಳು. ಕಾಯಿಲೆ ಬಂದ ದಿನಕ್ಕಿರಲೆಂದು ಎಷ್ಟೋ ಕಾರುಗಳಲ್ಲಿ ಹ್ಯಾಂಡಲನ್ನೂ ಉಳಿಸಿಕೊಂಡರು.

ನಮ್ಮ ದೇಶದಲ್ಲಿ ಈ ಪದ್ಧತಿಗೆ ದೀರ್ಘಾಯುಸ್ಸು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ, ೧೯೫೦ರ ದಶಕದ ಕೊನೆಯಿಂದ ೨೦೧೪ರ ತನಕ ತಯಾರಾದ ಅಂಬಾಸಡರ್, ಮುಂಬಯಿಯಲ್ಲಿ ಇಟಲಿಯ ಫಿಯಟ್ ಮಾದರಿಯಲ್ಲಿ ತಯಾರಾದ ಪದ್ಮಿನಿ, ಇವೆರಡೂ ಬಹುಕಾಲ ಕೆಟರಿಂಗನ ಕಿಡಿಯಿಂದಲೇ ಓಡಿದವು. ಪಾಯಿಂಟು ಉಜ್ಜಲು ಬಾರದ ಡ್ರೈವರನ್ನು ಆಗ ಯಾರೂ ಡ್ರೈವರೆಂದು ಒಪ್ಪುತ್ತಿರಲಿಲ್ಲ.

ಈಗ ಆ ಮಳೆಯ ರಾತ್ರಿಗೆ ಮರಳೋಣ. ಲಾಟೀನು ಹಿಡಿದು ಹತ್ತಿರ ಬಂದವರನ್ನು ಡ್ರೈವರು "ಪೆಟ್ರೋಲಿದೆ, ದೂರ ಇಡಿ" ಎಂದು ಗದರಿಸಿ, ನಮ್ಮ ತಂದೆಯವರ ಕೈಗೆ ಟಾರ್ಚು ಕೊಟ್ಟ. ಕಾಯಿಲಿನಿಂದ ಬಂದ ತಂತಿಯನ್ನು ಡಿಸ್ಟ್ರಿಬ್ಯೂಟರಿನ ನಡುವಿನಿಂದ ಕಿತ್ತು, ಮರದ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಕಾಲಂಗುಲ ದೂರದಲ್ಲಿಟ್ಟು, ನನಗೆ ಸೆಲ್ಫ್ ಒತ್ತಲು ಹೇಳಿದ. ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. "ಇಲ್ಲಿತಂಕ ಬಂತು" ಎಂದ. ಅದನ್ನು ಸ್ವಸ್ಥಾನದಲ್ಲಿಟ್ಟು, ಪ್ಲಗ್ಗಿನ ಒಂದು ತಂತಿಯನ್ನು ಕಿತ್ತು ಹಾಗೆಯೇ ಹಿಡಿದ; ಕಿಡಿಯಿಲ್ಲ. "ಇಲ್ಲಿಗೆ ಬರ್ಲಿಲ್ಲ. ಅಂದ್ರೆ ಕಳ್ಳ ನಡುವೆ ಅವ್ನೆ." ಮುಚ್ಚಳವನ್ನು ಬಿಚ್ಚಿ ನೋಡಿದರೆ ಒಳಗೆಲ್ಲ ತೇವದ ಹನಿಗಳು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಒದ್ದೆಯ ದಾರಿ ಹಿಡಿದು ಕಬ್ಬಿಣಕ್ಕೆ ಸೋರುತ್ತಿದ್ದಿತು. ಆ ಮಳೆಯಲ್ಲಿ ಒಣಬಟ್ಟೆ ಎಲ್ಲಿಂದ ಬರಬೇಕು? ನಮ್ಮಜ್ಜಿ ಬಚ್ಚಲೊಲೆಯ ಮೇಲೆ ಹರವಿದ್ದ ಪಂಚೆಯ ತುಂಡನ್ನು ತಂದುಕೊಟ್ಟರು. ಮುಚ್ಚಳವನ್ನು ಒರಸಿ, ಅದೇ ಒಲೆಯ ಕಾವಿಗೆ ಹಿಡಿದು, ಮತ್ತೆ ಜೋಡಿಸಿದ. ಅಷ್ಟರಲ್ಲಿ ಬ್ಯಾಟರಿ ಸೋತು ಸೆಲ್ಫ್ ಟಕ್ಕೆಂದು ಸುಮ್ಮನಾಯಿತು. ಡಿಕ್ಕಿಯಿಂದ ಹ್ಯಾಂಡಲು ಬಂದಿತು. ಹಿಡಿಯುವ ಮುನ್ನ ನನಗೆ ತೋರಿಸಿದ: "ಹೆಬ್ಬೆಟ್ಟು ಸುತ್ತಬಾರ್ದು ಅಪ್ಪಿ, ಬೆರಳಿನ ಸಾಲಿಗೇ ಇರ್ಬೇಕು. ತಿರುಗಿ ಹೊಡೆದ್ರೆ ಕೈ ಜಾರಿ ಬರ್ತದೆ." ಮೂರನೆಯ ಎಳೆತಕ್ಕೆ ಎಂಜಿನ್ನು ಹಿಡಿಯಿತು. ಬೆಳಗಿನ ಜಾವ ಅಕ್ಕನಿಗೆ ಆಸ್ಪತ್ರೆಯಲ್ಲಿ ಹೆಣ್ಣುಮಗುವಾಯಿತು.

ಅವನು ಅನುಸರಿಸಿದ ಕ್ರಮ ಇಂದಿಗೂ ಹಳೆಯ ಕಾರನ್ನು ಸಾಕುವವರಿಗೆ ಉಪಯುಕ್ತ. ಮೊದಲು ಸೆಲ್ಫಿನ ದನಿಯನ್ನು ಆಲಿಸಬೇಕು. ಅದು ತಿರುಗದಿದ್ದರೆ, ಇಲ್ಲವೆ ನರಳಿ ತಿರುಗಿದರೆ, ದೋಷ ಬ್ಯಾಟರಿಯಲ್ಲಿ, ಬಿಳಿ ಪುಡಿ ಕಟ್ಟಿದ ಅದರ ಕೊಂಡಿಗಳಲ್ಲಿ, ಸಡಿಲವಾದ ತಂತಿಗಳಲ್ಲಿ ಅಥವಾ ಸೆಲ್ಫಿನಲ್ಲಿಯೇ ಇದ್ದೀತು. ಚುರುಕಾಗಿ ತಿರುಗಿಯೂ ಎಂಜಿನ್ನು ಹಿಡಿಯದಿದ್ದರೆ ಕಿಡಿ ಮತ್ತು ಪೆಟ್ರೋಲು ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಕಾಯಿಲಿನ ತಂತಿಯಲ್ಲಿ ಕಿಡಿ ಇದ್ದು ಪ್ಲಗ್ಗಿನಲ್ಲಿ ಇಲ್ಲದಿದ್ದರೆ ಮುಚ್ಚಳ, ರೋಟರು, ತಂತಿಗಳು. ಕಾಯಿಲಿನಲ್ಲಿಯೇ ಇಲ್ಲದಿದ್ದರೆ ಪಾಯಿಂಟು, ಕಂಡೆನ್ಸರು, ಕಾಯಿಲ್. ಕಿಡಿ ನೀಲಿಯಾಗಿ ಚುರುಕಾಗಿದ್ದರೆ ಒಳ್ಳೆಯದು. ಹಳದಿಯಾಗಿ ಬಡಕಲಾಗಿದ್ದರೆ ಪಾಯಿಂಟುಗಳನ್ನು ನೋಡಬೇಕು. ಹಳೆಯ ಅನೇಕ ಕಾರುಗಳಲ್ಲಿ ಪಾಯಿಂಟಿನ ಸಂದು ಅಂಗುಲದ ಸಾವಿರದಲ್ಲಿ ೧೫ ಭಾಗ, ಪ್ಲಗ್ಗಿನ ಸಂದು ೨೫ ಭಾಗ. ಪಾಯಿಂಟುಗಳನ್ನು ಹೊಸದಾಗಿ ಹಾಕಿದರೂ ಮತ್ತೆ ಮತ್ತೆ ಸುಡುತ್ತಿದ್ದರೆ ಕಂಡೆನ್ಸರನ್ನು ಬದಲಿಸಬೇಕು. ಕಿಡಿ ಚೆನ್ನಾಗಿದ್ದು ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲವೆಂದು ಅರ್ಥ. ಪ್ಲಗ್ಗು ಒದ್ದೆಯಾಗಿ ವಾಸನೆ ಬರುತ್ತಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಸ್ವಲ್ಪ ಹೊತ್ತು ಬಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಅದುಮಿ ಹಿಡಿದು ಸೆಲ್ಫ್ ಒತ್ತಬೇಕು. ಈ ಪರೀಕ್ಷೆಗಳನ್ನು ಪೆಟ್ರೋಲಿನ ಆವಿ ಇರುವಲ್ಲಿ ಮಾಡಬಾರದು. ತಂತಿಯನ್ನು ಬರಿಗೈಯಲ್ಲಿ ಹಿಡಿಯಬಾರದು.

೧೯೭೦ರ ದಶಕದಿಂದ ಪಾಯಿಂಟುಗಳ ಕೆಲಸವನ್ನು ಟ್ರಾನ್ಸಿಸ್ಟರು ವಹಿಸಿಕೊಳ್ಳತೊಡಗಿತು. ಅಮೆರಿಕದ ಕ್ರೈಸ್ಲರ್ ಸಂಸ್ಥೆ ೧೯೭೩ರ ಮಾದರಿಗಳಿಗೆ ಅದನ್ನೇ ಗೊತ್ತುಮಾಡಿತು. ಈಗಿನ ಅನೇಕ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಪ್ಲಗ್ಗಿಗೊಂದು ಕಾಯಿಲ್, ಎಲ್ಲಕ್ಕೂ ಮೇಲೆ ಗಣಕಯಂತ್ರ. ಅವುಗಳಲ್ಲಿ ತಂತಿ ಕಿತ್ತು ಕಿಡಿ ನೋಡಹೊರಟರೆ ಬೆಲೆಬಾಳುವ ಭಾಗಗಳು ಕೆಡುವ ಭಯವಿದೆ. ಆ ಸಾಹಸ ಬೇಡ. ದೋಷವನ್ನು ಹುಡುಕುವ ಕ್ರಮ ಮಾತ್ರ ಬದಲಾಗಿಲ್ಲ.

ತರಗತಿಯಲ್ಲಿ ಹುಡುಗನೊಬ್ಬ ಹಳಗನ್ನಡದ ಪದ್ಯದ ಮುಂದೆ ತಬ್ಬಿಬ್ಬಾಗಿ ಕುಳಿತಾಗ ನಾನು ಅರ್ಥವನ್ನು ಥಟ್ಟನೆ ಹೇಳಿಬಿಡುವುದಿಲ್ಲ. ಎಲ್ಲಿಯ ತನಕ ತಿಳಿಯಿತು ಎಂದು ಕೇಳುತ್ತೇನೆ. ಎರಡನೆಯ ಸಾಲಿನ ತನಕ ಎಂದರೆ ಮೂರನೆಯದರ ಸಂಧಿಯನ್ನು ಬಿಡಿಸುತ್ತೇವೆ. ಬಹುಮಟ್ಟಿಗೆ ತೊಡಕು ಅಲ್ಲಿಯೇ ಇರುತ್ತದೆ. ಹೀಗೆ ಕೇಳುವುದನ್ನು ನಾನು ಕಲಿತದ್ದು ವ್ಯಾಕರಣದಿಂದಲ್ಲ, ನಮ್ಮಂಗಳದಲ್ಲಿ ಮಳೆಗೆ ನೆನೆಯುತ್ತ ನಿಂತಿದ್ದ ಆ ಡ್ರೈವರಿನಿಂದ.